ಕಾಳು ತಣ್ಣಗಾಗುವ ತನಕ

ಫೆಬ್ರವರಿ ೧೧

ಗುಂಡೀ,

ಎರಡು ವರ್ಷದ ಮೇಲೆ ಅಪ್ಪನ ಅಕ್ಷರ ನೋಡಿ ಗಾಬರಿಯಾಗಬೇಡ. ಬದುಕಿದ್ದೇನೆ. ನನ್ನ ಅಕ್ಕ, ನಿನ್ನ ಸೋದರತ್ತೆ, ಫೋನಿನಲ್ಲಿ ಅರ್ಧ ಹೇಳಿ ಇನ್ನರ್ಧ ಅತ್ತಳಂತೆ. ಪೂರ್ತಿ ನಾನೇ ಹೇಳುತ್ತೇನೆ. ಫೋನು ನನಗೀಗ ಆಗಿಬರುವುದಿಲ್ಲ. ಮಾತು ಸಿಗದೆ ನಾನು ನಿಂತರೆ ಆ ಕಡೆಯವರು "ಹಲೋ, ಹಲೋ" ಎನ್ನುತ್ತಾರೆ, ನಾಲಿಗೆಯ ತುದಿಗೆ ಬಂದದ್ದೂ ಓಡಿಹೋಗುತ್ತದೆ. ಕಾಗದವಾದರೆ ಕಾಯುತ್ತದೆ. ಬೆಳಗ್ಗೆ ಬರೆಯಲು ಕೂತವನು, ಈಗ ಅಂಗಡಿಯ ಒಳಗೆ ಸಂಜೆಯ ಬಿಸಿಲು ಬಂದಿದೆ.

ಶುರುವಾದದ್ದು ಹೀಗೆ. ಡಿಸೆಂಬರಿನಲ್ಲಿ ನಮ್ಮ ಗಣಿತದ ಮೇಷ್ಟ್ರ ಅಂಗಿಗೆ ಎರಡೂ ಎಡ ತೋಳು ಕತ್ತರಿಸಿಟ್ಟೆ. ನಲವತ್ತು ವರ್ಷದಲ್ಲಿ ಹಾಗೆ ಮಾಡಿದವನಲ್ಲ. ಮೇಷ್ಟ್ರು ನಕ್ಕುಬಿಟ್ಟರು. "ಹೋಗ್ಲಿ ಬಿಡಿ, ಬಲಗೈ ಜೇಬಲ್ಲೇ ಇಟ್ಕೊಂಡು ಪಾಠ ಮಾಡ್ತೀನಿ" ಎಂದರು. ನಾನೂ ನಕ್ಕೆ. ಆಮೇಲೆ ಒಂದು ದಿನ ಕತ್ತರಿ ಕಣ್ಣೆದುರೇ ಇದೆ, ಅಕ್ಕನಿಗೆ ಅದನ್ನು ಕೊಡು ಎನ್ನಬೇಕು, ಹೆಸರು ಬರುತ್ತಿಲ್ಲ. "ಅದು... ಕಚಕ್ ಕಚಕ್" ಎಂದು ಬೆರಳಾಡಿಸಿದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಅದೇ ಸಂಜೆ ಅವಳನ್ನೇ "ಇಸ್ತ್ರಿಪೆಟ್ಟಿಗೆ" ಎಂದು ಕರೆದೆ. ಅದು ಅಷ್ಟೇನೂ ತಪ್ಪಲ್ಲ, ಅವಳೂ ಬೇಗ ಕಾಯುತ್ತಾಳೆ. ಆದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳೂ ಅವಳೇ.

ಎಡಗಿವಿಯ ಮೇಲೆ, ಬುರುಡೆಯ ಒಳಗೆ ಗಡ್ಡೆ. ಕೆಟ್ಟ ಜಾತಿಯದು. ಜನವರಿಯಲ್ಲಿ ತೆರೆದು ತೆಗೆದರು. ಪೂರ್ತಿ ತೆಗೆಯಲಾಗಲಿಲ್ಲ. "ನೀವು ದರ್ಜಿ ಅಲ್ವಾ? ಬಟ್ಟೆಗೆ ಅಂಟಿಕೊಂಡ ಅಸ್ತರು ಕೀಳೋಕೆ ಹೋದ್ರೆ ಬಟ್ಟೇನೂ ಹರಿಯುತ್ತಲ್ಲ, ಹಾಗೆ" ಎಂದರು ಡಾಕ್ಟರು. ಇಲ್ಲಿ ಹರಿಯುವುದು ನನ್ನ ಮಾತು. ಅದಕ್ಕೇ ಸ್ವಲ್ಪ ಬಿಟ್ಟಿದ್ದಾರೆ.

ಬಿಟ್ಟದ್ದನ್ನು ಸುಡುವುದಕ್ಕೆ ಕಾಳು ಇಡುತ್ತಾರಂತೆ. ಲೋಹದ ಸಣ್ಣ ಕಾಳು, ಮುರಿದ ಸೂಜಿಯ ತುದಿಯಷ್ಟು. ಒಳಗೆ ವಿಕಿರಣದ ಅಯೋಡಿನ್. ಗಡ್ಡೆ ಇದ್ದ ಗುಂಡಿಯ ಸುತ್ತ ಇಪ್ಪತ್ತೆರಡು ಕಾಳು ಕೂರಿಸಿ ತಲೆ ಮುಚ್ಚಿಬಿಡುತ್ತಾರೆ. ಮತ್ತೆ ತೆಗೆಯುವುದಿಲ್ಲ. ತಿಂಗಳುಗಟ್ಟಲೆ ಅವು ಅಲ್ಲೇ ಕೂತು ತಮ್ಮ ಕೆಲಸ ಮಾಡಿ, ತಾವಾಗಿ ತಣ್ಣಗಾಗುತ್ತವೆ. ಮಾರ್ಚ್ ಐದಕ್ಕೆ ದಿನ ಕೊಟ್ಟಿದ್ದಾರೆ.

ಬರಬೇಕು ಎಂದು ಬರೆದದ್ದಲ್ಲ. ಗೊತ್ತಿರಲಿ ಎಂದು. ಅಳಿಯನನ್ನು ಕೇಳಿದೆ ಎನ್ನು. ನಾನು ನೋಡಿಲ್ಲದ ಅಳಿಯ.

ಇಂತು,
ಅಪ್ಪ


ಫೆಬ್ರವರಿ ೨೦

ಅಪ್ಪ,

ನಿನ್ನ ಕಾಗದ ಬಂದಿದೆ. ಮೂರು ಸಲ ಓದಿದೆ. ಮೊದಲ ಸಲ ಅಕ್ಷರ ಮಾತ್ರ ನೋಡಿದೆ. ನೆಟ್ಟಗಿದೆ. ಸಮಾಧಾನವಾಯಿತು.

ಮಾರ್ಚ್ ಒಂಬತ್ತಕ್ಕೆ ಬರುತ್ತೇನೆ. ರಜೆ ಕೇಳಿದ್ದೇನೆ, ಕೊಡದಿದ್ದರೂ ಬರುತ್ತೇನೆ. ಈ ಎರಡು ವರ್ಷದಲ್ಲಿ ನಿನಗೆ ಎಷ್ಟು ಕಾಗದ ಶುರು ಮಾಡಿದೆನೋ. ಎಲ್ಲವೂ "ಅಪ್ಪ" ಎಂಬಲ್ಲಿಗೆ ನಿಂತುಹೋದವು.

ಇಲ್ಲಿ ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಮೂನೆ ಕತ್ತರಿಸುವ ಮೇಜಿನಲ್ಲಿದ್ದೇನೆ. ನಾನು ರಟ್ಟಿನಲ್ಲಿ ಒಂದು ತೋಳು ಕತ್ತರಿಸಿದರೆ ಅದರ ಹಿಂದೆ ಮೂರು ಸಾವಿರ ತೋಳು ಹೋಗುತ್ತವೆ. ಹಾಕಿಕೊಳ್ಳುವ ಒಬ್ಬರ ಮುಖವೂ ಗೊತ್ತಿಲ್ಲ. ಗಣಿತದ ಮೇಷ್ಟ್ರ ಬಲ ಭುಜ ಎಡಕ್ಕಿಂತ ಕಾಲಿಂಚು ಕೆಳಗಿದೆ ಎಂಬುದು ಮಾತ್ರ ಇನ್ನೂ ನೆನಪಿದೆ.

ಇನ್ನೊಂದು ಸಂಗತಿ ಇದೆ. ಅದನ್ನು ಎದುರಿಗೇ ಹೇಳಬೇಕು. ಕೆಟ್ಟ ಸುದ್ದಿಯಲ್ಲ.

ನಿನ್ನ
ಗುಂಡಿ


ಮಾರ್ಚ್ ೧೦

ಗುಂಡಿ,

ನಿನಗೆ ಸಿಟ್ಟು ಬಂದಿದೆ. ಬರಲಿ. ಆದರೆ ಈ ಕಾಗದ ಹರಿಯುವ ಮೊದಲು ಓದು. ನಿನ್ನೆ ನಾನು ನಿನ್ನ ಹಿಂದೆ ಬಸ್‌ ನಿಲ್ದಾಣದವರೆಗೂ ಓಡಿಬಂದೆ. ಅರವತ್ತೆಂಟು ವರ್ಷದ ಮುದುಕಿ, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಪಕ್ಕದ ಕೋಣೆಯವಳದು. ನೀನು ತಿರುಗಿ ನೋಡಲಿಲ್ಲ. ಬಸ್ಸು ಹೋಯಿತು.

ನೀನು ಬಾಗಿಲಿಗೆ ಬಂದಾಗ ನರ್ಸು ಬಾಗಿಲ ಮೇಲಿನ ವಿಕಿರಣದ ಹಳದಿ ಚೀಟಿ ತೋರಿಸಿ, "ನೀವು ಬಸುರೀನಾ?" ಎಂದು ಕೇಳಿದಳಲ್ಲ, ನೀನು "ಹೌದು, ಐದನೇ ತಿಂಗಳು" ಎಂದೆಯಲ್ಲ, ಅದು ಒಳಗೆ ನಿನ್ನ ಅಪ್ಪನಿಗೂ ಕೇಳಿಸಿತು, ನನಗೂ ಕೇಳಿಸಿತು. ಅಂಥ ಸುದ್ದಿಯನ್ನು ನೀನು ನರ್ಸಿಗೆ ಹೇಳುವಾಗ ಕೇಳಿಸಿಕೊಳ್ಳುವ ಗ್ರಹಚಾರ ನಮ್ಮದು. ಅವನು ದಿಂಬಿನಿಂದ ಎದ್ದು ಕೂತ. ತಲೆಯ ತುಂಬ ಬಟ್ಟೆಪಟ್ಟಿ, ಕಣ್ಣು ಇಷ್ಟು ದೊಡ್ಡದಾಗಿದೆ. ಕೈ ಎತ್ತಿ "ಹೋಗು! ಹೋಗು!" ಎಂದು ಕೂಗಿದ. ನೀನು ಕೇಳಿದ್ದು ಅಷ್ಟು.

ನೀನು ಹೋದ ಮೇಲೆ ಏನಾಯಿತು ಎಂದು ನಾನು ಹೇಳುತ್ತೇನೆ. ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ನಾನು ಕೈ ಹಿಡಿದುಕೊಳ್ಳಬೇಕಾಯಿತು. "ಅದಲ್ಲ, ಅದಲ್ಲ" ಎನ್ನುತ್ತಾನೆ, ಯಾವುದು ಎಂದರೆ ಹೇಳಲು ಬರುವುದಿಲ್ಲ. ಅವನ ಬಾಯಿಗೆ ಮೊದಲೂ ಲಗಾಮಿರಲಿಲ್ಲ. ಈಗ ಕುದುರೆಯೇ ಬೇರೆ ದಾರಿ ಹಿಡಿಯುತ್ತದೆ. ತಲೆಯಲ್ಲಿ ಒಂದು, ನಾಲಿಗೆಯಲ್ಲಿ ಇನ್ನೊಂದು. ನಿನ್ನೆ ನೀರು ಬೇಕಾದಾಗ ಗುಂಡಿಸೂಜಿ ಕೊಡು ಎಂದ.

ಅವನು ಬರೆಯುತ್ತಾನೆ. ಸ್ವಲ್ಪ ದಿನ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸುರಿ ಹೆಣ್ಣು ಎಂಟು ಗಂಟೆ ಬಸ್ಸಿನಲ್ಲಿ ಕೂತು ಬಂದು, ನೀರೂ ಕುಡಿಯದೆ ಎಂಟು ಗಂಟೆ ಬಸ್ಸಿನಲ್ಲಿ ಹಿಂದೆ ಹೋದಳು ಎಂದು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ.

ನಿನ್ನ ಅತ್ತೆ


ಮಾರ್ಚ್ ೨೧

ಮಗಳೇ,

ಮನೆಗೆ ಕಳಿಸಿದರು. ಈ ಕಾಗದಕ್ಕೆ ಮೂರು ದಿನ ಹಿಡಿಯಿತು. ಸಿಗದ ಮಾತಿಗೆ ಜಾಗ ಬಿಟ್ಟು ಮುಂದೆ ಹೋಗುತ್ತೇನೆ, ಅದು ಊಟದ ಹೊತ್ತಿಗೋ ಸ್ನಾನದ ಹೊತ್ತಿಗೋ ನೆನಪಾಗುತ್ತದೆ, ಬಂದು ತುಂಬುತ್ತೇನೆ. ಕಚ್ಚಾ ಹೊಲಿಗೆ ಹಾಕಿ ಆಮೇಲೆ ಗಟ್ಟಿ ಹೊಲಿದ ಹಾಗೆ.

ಬಾಗಿಲಲ್ಲಿ ನಿನ್ನನ್ನು ನೋಡಿದೆ. ನಿನ್ನ ಅಮ್ಮನೇ ನಿಂತ ಹಾಗಿತ್ತು. ಬಸುರಿ ಎಂದು ಕೇಳಿದ ಕೂಡಲೇ ನನ್ನ ಒಳಗೆ ಎದ್ದ ಮಾತು ಇದು: ದೂರ ಇರು ಕಂದಾ, ಹತ್ತಿರ ಬರಬೇಡ, ಮಗುವಿಗೆ ತಾಗೀತು. ಅಷ್ಟೂ ಮಾತು ಬಾಯಿಯ ಬಾಗಿಲಲ್ಲಿ ನೂಕಾಡಿ ಹೊರಗೆ ಬಿದ್ದದ್ದು ಒಂದೇ. ಅದೂ ಆ ಮಾತೇ ಬೀಳಬೇಕೆ? ಎರಡು ವರ್ಷದ ಹಿಂದೆ ಬಾಯಿ ನೆಟ್ಟಗಿದ್ದಾಗ ಆಡಿದ್ದೂ ಅದನ್ನೇ. ನೀನು ಹೇಗೆ ಬೇರೆ ಅರ್ಥ ಮಾಡಿಕೊಂಡೀಯೆ.

ಈಗ ಲೆಕ್ಕ ಕೇಳು. ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಡಾಕ್ಟರಲ್ಲ, ಕಾಳು ಎಲ್ಲೆಲ್ಲಿ ಇಡಬೇಕು, ಎಷ್ಟೆಷ್ಟು ಅಂತರ ಬಿಡಬೇಕು ಎಂದು ಅಳೆದು ಹೇಳುವವಳು. ನಾನು ಅವಳಿಗೆ ಅಳತೆ ಮೇಡಂ ಎನ್ನುತ್ತೇನೆ. ಕಿಟಕಿಟ ಎನ್ನುವ ಪೆಟ್ಟಿಗೆ ಹಿಡಿದು ನನ್ನ ತಲೆಯ ಹತ್ತಿರ, ಮಂಚದ ಹತ್ತಿರ, ಬಾಗಿಲ ಹತ್ತಿರ ನಿಂತು ಅಳೆಯುತ್ತಾಳೆ. "ಮಗಳು ಒಂದು ನಿಮಿಷ ಬಾಗಿಲಲ್ಲಿ ನಿಂತಿದ್ದಕ್ಕೆ ಏನೂ ಆಗಲ್ಲ, ತಲೆ ಕೆಡಿಸ್ಕೋಬೇಡಿ. ಆದ್ರೆ ಪಕ್ಕದಲ್ಲಿ ಕೂತ್ಕೊಳ್ಳೋದು, ಒಂದೇ ಮನೇಲಿ ಇರೋದು ಬೇಡ" ಎಂದಳು. ಎಷ್ಟು ದಿನ ಎಂದು ಬೆರಳು ತೋರಿಸಿ ಕೇಳಿದೆ. "ಎರಡು ತಿಂಗಳಿಗೊಂದು ಸಲ ಅರ್ಧ ಆಗುತ್ತೆ." ನಾನು ಹಾಸಿಗೆಯ ಮೇಲಿದ್ದ ಟವೆಲನ್ನು ಒಂದು ಮಡಿಕೆ ಮಡಿಸಿದೆ, ಇನ್ನೊಂದು, ಮತ್ತೊಂದು. "ಅಷ್ಟೇ! ಮೂರು ಮಡಿಕೆ ಆಗ್ಲಿ, ಆಮೇಲೆ ನಾನೇ ಅಳೆದು ಹೇಳ್ತೀನಿ" ಎಂದು ನಕ್ಕಳು. ಆರು ತಿಂಗಳಿಗೆ ಅರೆಕಾಲು ಉಳಿಯುತ್ತದೆ. ಸೆಪ್ಟೆಂಬರಿನ ತನಕ ನೀನು ಬರಬೇಡ. ಮಗು ಹುಟ್ಟಿದಾಗಲೂ ನಾನು ಬರುವುದಿಲ್ಲ. ಇದು ಸಿಟ್ಟಲ್ಲ. ಇನ್ನೊಂದು ಸಲ ಬರೆಯುತ್ತೇನೆ. ಇದು ಸಿಟ್ಟಲ್ಲ.

ಅಕ್ಕ ಎದುರಿಗೆ ಕೂರುವಾಗ ನಾನು ಹಾಕಿಕೊಳ್ಳಲು ಒಂದು ಟೋಪಿ ಕೊಟ್ಟಿದ್ದಾರೆ, ಒಳಗೆ ಸೀಸದ ತೆಳು ತಗಡು. ಯಾರೋ ಕುರುಡರು ಹೊಲಿದಂತಿದೆ. ಬಿಚ್ಚಿ, ಹಳೆಯ ನೀಲಿ ಉಣ್ಣೆಯ ಬಟ್ಟೆ ಹಾಕಿ ಹೊಸದಾಗಿ ಹೊಲಿದೆ. ಕೈ ಮರೆತಿಲ್ಲ ನೋಡು. ಅಳತೆ ಮೇಡಂ ಪೆಟ್ಟಿಗೆ ಹಿಡಿದು ನೋಡಿ, ತಗಡು ಎಲ್ಲೂ ಸರಿದಿಲ್ಲ ಎಂದಳು.

ನಿನ್ನ ಅಮ್ಮ ಬಸುರಿಯಾಗಿದ್ದಾಗ ಒಂಬತ್ತನೇ ತಿಂಗಳವರೆಗೂ ಮಿಷನ್ ತುಳಿದಳು. ಬೇಡ ಎಂದರೆ, "ಇದು ಓಡ್ತಿದ್ರೇನೇ ಅದು ಸುಮ್ನಿರುತ್ತೆ" ಎನ್ನುತ್ತಿದ್ದಳು. ನಿಜ. ಮಿಷನ್ ನಿಂತರೆ ನೀನು ಒಳಗಿನಿಂದ ಒದೆಯುತ್ತಿದ್ದೆ, ಓಡಿದರೆ ಮಲಗುತ್ತಿದ್ದೆ. ನಾನು ಬೇಕೆಂದೇ ನಿಲ್ಲಿಸಿ, ಕೈ ಇಟ್ಟು ನೋಡುತ್ತಿದ್ದೆ. ಅವಳು ಬೈಯುತ್ತಿದ್ದಳು. ಎಂಥ ಒದೆತ ಅದು! ಬೇರೆ ಎಷ್ಟೋ ಮರೆತಿದ್ದೇನೆ, ಅಂಗೈಗೆ ಅದು ಮರೆತಿಲ್ಲ.

ಅಳಿಯನ ಅಳತೆ ಕಳಿಸು. ಎದೆ, ಭುಜ, ತೋಳು, ಕುತ್ತಿಗೆ. ಒಂದು ಅಂಗಿ ಹೊಲಿಯುತ್ತೇನೆ.

ನಿನ್ನ ಅಪ್ಪ


ಏಪ್ರಿಲ್ ೬

ಅಪ್ಪ,

ಆ ದಿನ ಬಸ್ಸಿನಲ್ಲಿ ಎಂಟು ಗಂಟೆಯೂ ಒಂದೇ ಯೋಚನೆ. ಸಾಯುವ ಕಾಯಿಲೆ ಬಂದರೂ ಈ ಮನುಷ್ಯ ನನ್ನನ್ನು ಕ್ಷಮಿಸಲಾರ ಎಂದು. ನಿನ್ನ ಕಾಗದ ಓದಿದ ಮೇಲೆ ಕಾರ್ಖಾನೆಯ ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ. ಜತೆಯವಳು ಬಂದು, "ಏನಾಯ್ತೇ, ನೋವಾ?" ಎಂದು ಹೊಟ್ಟೆ ಮುಟ್ಟಿ ನೋಡಿದಳು. "ಇಲ್ಲ, ನಮ್ಮಪ್ಪ ನನ್ನನ್ನ ಬೈದಿರ್ಲಿಲ್ಲವಂತೆ" ಎಂದೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಅಂಗಡಿಯ ನೆನಪು ಬಹಳ ಬರುತ್ತದೆ. ನನ್ನ ಜಾಗ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ. ಅಲ್ಲಿ ಮಲಗಿದರೆ ಜನರ ಕಾಲು ಮಾತ್ರ ಕಾಣುತ್ತಿತ್ತು. ಬೂಟು ನೋಡಿಯೇ ವಕೀಲರು ಬಂದರು, ಅಂಚೆಯವನು ಬಂದ ಎಂದು ಹೇಳುತ್ತಿದ್ದೆ. ಮೇಲಿನಿಂದ ಕತ್ತರಿಯ ಸದ್ದು, ಇಸ್ತ್ರಿಯ ಒದ್ದೆ ವಾಸನೆ. ಅಮ್ಮ ತೀರಿಹೋದ ವರ್ಷ, ನನಗೆ ಒಂಬತ್ತು, ಶಾಲೆಯಿಂದ ಬಂದು ಅಲ್ಲಿಗೇ ತೂರಿಕೊಳ್ಳುತ್ತಿದ್ದೆ. ನೀನು ಮೃದುವಾದ ಚೂರುಗಳನ್ನು ಆರಿಸಿ ಕೆಳಗೆ ಬೀಳಿಸುತ್ತಿದ್ದೆ. ನನಗೆ ಗೊತ್ತಾಗುತ್ತಿತ್ತು. ಒರಟು ಬಟ್ಟೆ ಕತ್ತರಿಸುವ ದಿನವೂ ಕೆಳಗೆ ಮೃದುವಾದದ್ದೇ ಬೀಳುತ್ತಿತ್ತು.

ಆಮೇಲೆ ನೀನು ಅಳತೆ ತೆಗೆಯುತ್ತಾ ಕೂಗುವುದು, ನಾನು ಬರೆಯುವುದು. ಒಂದು ಸಲ ದಪ್ಪ ಗಿರಾಕಿಯ ಸೊಂಟದ ಅಳತೆ ಕೇಳಿ ನಾನು ಜೋರಾಗಿ "ಇನ್ನೊಂದ್ಸಲ ಹೇಳಪ್ಪಾ!" ಎಂದದ್ದು ನೆನಪಿದೆಯೆ? ಅವರು ಮತ್ತೆ ಬರಲೇ ಇಲ್ಲ.

ನಿನ್ನ ಅಳಿಯನದು ಎದೆ ನಲವತ್ತು, ಭುಜ ಹದಿನೆಂಟು, ತೋಳು ಇಪ್ಪತ್ನಾಲ್ಕೂವರೆ, ಕುತ್ತಿಗೆ ಹದಿನೈದೂವರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಉಗುರಿನ ಗ್ರೀಸು ಹಬ್ಬದ ದಿನವೂ ಹೋಗುವುದಿಲ್ಲ, ಆದ್ದರಿಂದ ತಿಳಿಬಣ್ಣ ಬೇಡ. ಅಳತೆ ತೆಗೆಯುವಾಗ ಉಸಿರು ಬಿಗಿ ಹಿಡಿದು ನಿಂತಿದ್ದರು. "ನಿಮ್ಮಪ್ಪನ ಕಣ್ಣಿಗೆ ನಾನು ಸರಿ ಕಾಣ್ತೀನಾ?" ಎಂದು ಕೇಳಿದರು.

ಮಗು ಈಗ ಒದೆಯುತ್ತದೆ. ಕಾರ್ಖಾನೆಯಲ್ಲಿ ನೂರೈವತ್ತು ಮಿಷನ್ ಓಡುವಾಗ ಗೊರಕೆ. ಭಾನುವಾರ ಕುಣಿತ.

ನಿನ್ನ ಗುಂಡಿ


ಮೇ ೩೦

ಗುಂಡಿ,

ಅಂಗಿ ಅಳಿಯನಿಗೆ ಸರಿಹೊಂದಿತು ಎಂದು ಬರೆದದ್ದು ಓದಿ ಸಂತೋಷ. ಗುಂಡಿಯ ಕಾಜಾ ಮಾತ್ರ ಅಕ್ಕ ಹಾಕಿದ್ದು. ಈಗ ಬಲಗೈ ಬೆರಳು ಜೋಮು ಹಿಡಿಯುತ್ತದೆ.

ಆಸ್ಪತ್ರೆಯಲ್ಲಿ ಚಿತ್ರದ ಚೀಟಿ ತೋರಿಸಿ ಹೆಸರು ಕೇಳುತ್ತಾರೆ. ಮೊದಲು ಹತ್ತಕ್ಕೆ ಎಂಟು ಹೇಳುತ್ತಿದ್ದೆ. ಈ ಸಲ ಆರು. ಏಣಿಯ ಚಿತ್ರ ನೋಡಿ "ಮೇಲೆ ಹೋಗೋದು" ಎಂದೆ. ಹಾಗಾಗಿ ಒಂದು ವಿಷಯ ಬಾಯಲ್ಲಿ, ಅಂದರೆ ಕೈಯಲ್ಲಿ, ಇರುವಾಗಲೇ ಹೇಳಿಬಿಡಬೇಕು. ಅದರ ಮಾತುಗಳೂ ಹೋಗಿಬಿಟ್ಟರೆ ನಾನು ಏನು ಮಾಡಲಿ.

ಎರಡು ವರ್ಷದ ಹಿಂದಿನ ಆ ವಕೀಲರ ಚೌಕಳಿ ಕೋಟು. ಬೆನ್ನಿನ ಎರಡು ಭಾಗದ ಗೆರೆ ಕೂಡಲಿಲ್ಲ. ಅರ್ಧ ಇಂಚು ತಪ್ಪು. ಬಟ್ಟೆ ಹಾಳು, ಅಂಥ ಬಟ್ಟೆ ಮತ್ತೆ ಸಿಗುವುದೂ ಇಲ್ಲ. ಅವರು ಬಂದು ಕೇಳಿದಾಗ ನಾನು, "ಮಗಳ ಕೈ ಸ್ವಾಮಿ, ಇನ್ನೂ ಕಲೀತಿದ್ದಾಳೆ" ಎಂದೆ. ನೀನು ಇಸ್ತ್ರಿಯ ಮುಂದೆ ನಿಂತಿದ್ದೆ. ತಲೆ ಎತ್ತಲಿಲ್ಲ. ಹನ್ನೊಂದು ವರ್ಷ ನನ್ನ ಪಕ್ಕ ಕೆಲಸ ಮಾಡಿದ ಮಗಳು ಇನ್ನೂ ಕಲಿಯುತ್ತಿದ್ದಾಳೆಯೆ?

ಅದನ್ನು ಕತ್ತರಿಸಿದವನು ನಾನು, ಗುಂಡಿ. ಹಿಂದಿನ ದಿನ ಮಧ್ಯಾಹ್ನ. ನೀನು ದಾರ ತರಲು ಹೋಗಿದ್ದೆ. ಆಗ ಗಡ್ಡೆಯೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಬರಿಯ ಅಜಾಗರೂಕತೆ, ಆಮೇಲೆ ಬರಿಯ ಸೊಕ್ಕು. ಊರಿನಲ್ಲಿ ನನ್ನ ಕತ್ತರಿ ತಪ್ಪುವುದಿಲ್ಲ ಎಂಬ ಹೆಸರು ಉಳಿಸಿಕೊಳ್ಳಲು ನಿನ್ನ ಹೆಸರು ಕೊಟ್ಟೆ. ಆ ವಾರವೇ ನೀನು ಕಾರ್ಖಾನೆಯ ಕೆಲಸದ ಮಾತೆತ್ತಿದೆ. ನಿಲ್ಲು ಎನ್ನಬೇಕಾದವನು ಹೋಗು ಎಂದೆ. ನೀನು ಇದ್ದರೆ ದಿನವೂ ಆ ಕೋಟು ನೆನಪಾಗುತ್ತಿತ್ತು, ಅದಕ್ಕೆ.

ಹೋದ ವಾರ ಅಕ್ಕನನ್ನು ಕರೆದುಕೊಂಡು ವಕೀಲರ ಮನೆಗೆ ಹೋದೆ. ಕಾಗದದಲ್ಲಿ ಬರೆದುಕೊಂಡು ಹೋಗಿ ಓದಿದೆ. ಅವರು ಕನ್ನಡಕ ತೆಗೆದು, "ಯಾವ ಕೋಟು?" ಎಂದರು. ಎರಡು ವರ್ಷ ನನ್ನನ್ನು ತಿಂದ ಕೋಟು ಅವರಿಗೆ ನೆನಪೇ ಇಲ್ಲ! ನಿನಗೆ ಇರುತ್ತದೆ ಎಂದು ಗೊತ್ತು.

ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಕ್ಕೂ ನಾಚಿಕೆ. ಆದರೂ ಕೇಳುತ್ತಿದ್ದೇನೆ.

ಅಪ್ಪ


ಜೂನ್ ೧೪

ಅಪ್ಪ,

ನನಗೆ ಆಗಲೇ ಗೊತ್ತಿತ್ತು. ತಿರುವಿನಲ್ಲಿ ಸೀಮೆಸುಣ್ಣ ಒತ್ತಿ ಎಳೆಯುವವನು ನೀನು, ನನ್ನ ಗೆರೆ ತೆಳು. ಆ ಬೆನ್ನಿನ ತುಂಡಿನ ಮೇಲೆ ನಿನ್ನ ಗೆರೆ ಅಷ್ಟು ದಪ್ಪವಾಗಿ ಕೂತಿತ್ತು. ಇಸ್ತ್ರಿ ಮಾಡುವ ನೆಪದಲ್ಲಿ ಅದನ್ನು ಒರೆಸಿಹಾಕಿದವಳು ನಾನೇ. ವಕೀಲರು ನೋಡದಿರಲಿ ಎಂದು.

ನೀನು ಸಂಜೆ ಒಂದು ಮಾತು ಹೇಳುತ್ತೀಯ ಎಂದು ಕಾದೆ. ಮರುದಿನವೂ ಕಾದೆ. ಆರು ದಿನ ಕಾದೆ. ಏಳನೇ ದಿನ ಕಾರ್ಖಾನೆಯ ಮಾತೆತ್ತಿದ್ದು, ಆಗಲಾದರೂ ಹೇಳುತ್ತೀಯೇನೋ ಎಂದು. ಹೋಗುವ ಮನಸ್ಸು ನನಗೆ ಇರಲಿಲ್ಲ.

ಹೊಟ್ಟೆಯಲ್ಲಿ ಈಗ ಜಾಗವೇ ಇಲ್ಲ ಅಪ್ಪ, ಒಬ್ಬರು ಕಾಲು ಚಾಚಿ ಮಲಗಿದ್ದಾರೆ. ಆದರೂ ಹಾಕಿಕೊಂಡಿದ್ದೇನೆ.

ಮತ್ತೆ ಈ ವಿಷಯ ಬರೆಯಬೇಡ. ಬೇರೆ ಬರೆ. ಮಾತುಗಳನ್ನು ಇದಕ್ಕೆ ಖರ್ಚು ಮಾಡಬೇಡ.

ಗುಂಡಿ


ಆಗಸ್ಟ್ ೨೦

ಗುಂಡಿ,

ಮಗುವಿನ ಫೋಟೋವನ್ನು ನಿನ್ನ ಅಪ್ಪ ಅಂಗಡಿಯ ಕನ್ನಡಿಗೆ ಸಿಕ್ಕಿಸಿದ್ದಾನೆ. ಗಿರಾಕಿಗಳು ಕನ್ನಡಿಯಲ್ಲಿ ತಮ್ಮ ಮುಖ ನೋಡಲಾಗದೆ ಒದ್ದಾಡುತ್ತಾರೆ. ಬಂದವರಿಗೆಲ್ಲ ಬೆರಳು ತೋರಿಸುತ್ತಾನೆ. ಹೆಣ್ಣುಮಗು ಎಂದು ಹೇಳಲು ಹೋಗಿ "ಹೊಸ ಬಟ್ಟೆ" ಎನ್ನುತ್ತಾನೆ. ಎಲ್ಲರಿಗೂ ಅರ್ಥವಾಗುತ್ತದೆ.

ನಿನಗೆ ಹೇಳಬೇಡ ಎಂದಿದ್ದಾನೆ, ನಾನು ಹೇಳುತ್ತಿದ್ದೇನೆ. ಬಾಣಂತಿಗೆ ಇಂಥದ್ದು ಬರೆಯಬಾರದು. ಆದರೆ ಬರೆಯದೆ ಇದ್ದರೆ ನಾಳೆ ನೀನೇ ನನ್ನನ್ನು ಕೇಳುತ್ತೀಯ. ಹೋದ ವಾರ ಮತ್ತೆ ತಲೆಯ ಚಿತ್ರ ತೆಗೆದರು. ಕಾಳು ಇಟ್ಟ ಜಾಗ ಸ್ವಚ್ಛವಾಗಿದೆ, ಅವು ತಮ್ಮ ಕೆಲಸ ಮಾಡಿವೆಯಂತೆ. ಆದರೆ ಅವುಗಳ ಕೈಗೆ ಸಿಗದಷ್ಟು ಆಚೆ, ಇನ್ನೂ ಒಳಗೆ, ಹೊಸದಾಗಿ ಕಾಣುತ್ತಿದೆ. ಮತ್ತೆ ತೆರೆಯಲು ಡಾಕ್ಟರಿಗೆ ಮನಸ್ಸಿಲ್ಲ. ಮಾತ್ರೆ ಕೊಟ್ಟಿದ್ದಾರೆ. "ಕಾಳು ಇಡದಿದ್ರೆ ಈ ಆರು ತಿಂಗಳು ಸಿಗ್ತಿತ್ತೋ ಇಲ್ವೋ" ಎಂದರು. ನಾನು ಅದನ್ನೇ ಹಿಡಿದುಕೊಂಡಿದ್ದೇನೆ.

ಅವನು ಕೇಳುವುದು ಒಂದೇ. ಕ್ಯಾಲೆಂಡರಿನ ಮುಂದೆ ನಿಂತು ಸೆಪ್ಟೆಂಬರಿನ ಹಾಳೆ ಎತ್ತಿ ನೋಡುತ್ತಾನೆ.

ಅತ್ತೆ


ಸೆಪ್ಟೆಂಬರ್ ೮

ಗುಂಡಿ

ಅಳತೆ ಮೇಡಂ ನೋಡಿದಳು. ಪೆಟ್ಟಿಗೆ ಹಿಡಿದು. ಸದ್ದು ಕಮ್ಮಿ. ತುಂಬ ಕಮ್ಮಿ.

ಎತ್ತಿಕೊಳ್ಳಬಹುದು ಎಂದಳು. ಬರೆದು ಕೊಟ್ಟಳು.

ಬಾ. ಮಗು ತಾ. ಬೇಗ.

ಅಪ್ಪ


ಸೆಪ್ಟೆಂಬರ್ ೧೯

ಯಜಮಾನರಿಗೆ,

ನಾವು ಸುಖವಾಗಿ ತಲುಪಿದೆವು. ಮಗು ಬಸ್ಸಿನಲ್ಲಿ ತಕರಾರು ಮಾಡಲಿಲ್ಲ, ಬಸ್ಸಿನ ಮೆಕ್ಯಾನಿಕ್ಕನ ಮಗಳಲ್ಲವೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಎಲ್ಲವನ್ನೂ ಹೇಳುವ ಮೊದಲು ಅತ್ತುಬಿಡುತ್ತೇನೆ ಎಂದು ಬರೆಯುತ್ತಿದ್ದೇನೆ. ಇದು ನಮ್ಮ ಮನೆಯ ಚಾಳಿ ಅಂದುಕೊಳ್ಳಿ.

ಅಂಗಡಿಯ ಬಾಗಿಲಿಗೆ ಬಂದಾಗ ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು. ಬೆಳಗ್ಗೆಯಿಂದ ಮೂರು ಸಲ ಕೈ ತೊಳೆದನಂತೆ. ಎಷ್ಟು ಚಿಕ್ಕವನಾಗಿದ್ದಾನೆ! ಅಂಗಿಯ ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗ. ಆರು ತಿಂಗಳಿನಿಂದ ದೂರ ಇರು ಎಂದು ಕೇಳಿಸಿಕೊಂಡ ಕಾಲು ನನ್ನವು, ಹೊಸ್ತಿಲಲ್ಲಿ ತಾವಾಗಿ ನಿಂತುಬಿಟ್ಟವು. ಅವನು ಮೇಡಂ ಕೊಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ನನಗೆ ಕಾಣುವಂತೆ ಎತ್ತಿ ಹಿಡಿದ. ರೈಲಿನಲ್ಲಿ ಟಿಕೆಟ್ ತೋರಿಸುವ ಹಾಗೆ.

ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿದೆ. ಬಲಗೈಗೆ ಶಕ್ತಿ ಇಲ್ಲ, ಅದರ ಕೆಳಗೆ ಅತ್ತೆ ದಿಂಬು ಕೊಟ್ಟರು. ಎಡಗೈಯಲ್ಲಿ ನೋಡಲು ಶುರು ಮಾಡಿದ. ಮುದ್ದು ಮಾಡುವುದಲ್ಲ, ಸಿದ್ಧವಾದ ಉಡುಪನ್ನು ಗಿರಾಕಿಗೆ ಕೊಡುವ ಮೊದಲು ನೋಡುತ್ತಾನಲ್ಲ, ಹಾಗೆ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆ, ಕಂಕುಳು, ಬೆರಳು ಒಂದೊಂದಾಗಿ. ಅಂಗಾಲನ್ನು ತಿರುಗಿಸಿ ಬೆಳಕಿಗೆ ಹಿಡಿದ. ಗಣಿತದ ಮೇಷ್ಟ್ರು ಅಂಗಿಗೆ ಅಳತೆ ಕೊಡಲು ಬಂದವರು ಹಾಗೇ ನಿಂತಿದ್ದರು.

ಆಮೇಲೆ ಅಪ್ಪ ನನ್ನನ್ನು ನೋಡಿ ಕೇಳಿದ, "ಯಾರು... ಹೊಲಿದದ್ದು?"

ಅತ್ತೆ ತಿದ್ದಲು ಬಾಯಿ ತೆರೆದರು. ನಾನು ಬೇಡ ಎಂದು ಕೈ ಸನ್ನೆ ಮಾಡಿದೆ.

"ನಾನೇ ಅಪ್ಪ."

ಅವನು ಮೇಷ್ಟ್ರ ಕಡೆ ತಿರುಗಿದ. ತುಟಿ ಅಲ್ಲಾಡುತ್ತಿದೆ, ಮಾತು ಹುಡುಕುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತು, ಯಾರೂ ಅವಸರ ಮಾಡಲಿಲ್ಲ. "ನನ್ನ ಮಗಳು," ಎಂದ. "ನೋಡಿ. ಒಂದೂ... ಒಂದೂ ತಪ್ಪಿಲ್ಲ."

ಮೇಷ್ಟ್ರು, "ತಪ್ಪೇ ಇಲ್ಲ, ನಾನೂ ನೋಡ್ದೆ" ಎಂದು ಬೀದಿಯ ಕಡೆ ಮುಖ ತಿರುಗಿಸಿಕೊಂಡರು.

ಅಷ್ಟರಲ್ಲಿ ನಿಮ್ಮ ಮಗಳು ಆ ಇಸ್ತ್ರಿ ಮಾಡಿದ ಪ್ಯಾಂಟನ್ನು ತೋಯಿಸಿದಳು. ಅತ್ತೆ ಬಟ್ಟೆ ತರಲು ಓಡಿದರು. ಅಪ್ಪ ನಕ್ಕ. ಅವನ ನಗು ಇಡಿಯಾಗಿ ಹಾಗೇ ಇದೆ, ನಾನು ಮೇಜಿನ ಕೆಳಗೆ ಮಲಗಿ ಕೇಳುತ್ತಿದ್ದ ನಗು. ಕೆಮ್ಮು ಬರುವಷ್ಟು ನಕ್ಕ. ನನಗೆ ಅಳು ತಡೆಯಲಾಗಲಿಲ್ಲ.

ಇದು ಮೊನ್ನೆಯ ಮಾತು. ಈಗ ನಿಮಗೆ ಹೇಳಬೇಕಾದದ್ದು. ಇಪ್ಪತ್ತೈದಕ್ಕೆ ಹೊರಡುವುದು ಎಂದಿತ್ತಲ್ಲ, ನಾನು ಹೊರಡುವುದಿಲ್ಲ. ಕಾರ್ಖಾನೆಗೂ ಬರೆದಿದ್ದೇನೆ. ಮಗುವಿನ ದಪ್ಪ ಬಟ್ಟೆಗಳು ಕಪಾಟಿನ ಕೆಳಗಿನ ಖಾನೆಯಲ್ಲಿವೆ, ನನ್ನ ಕಂದು ಕೋಟೂ ಅಲ್ಲೇ ಇದೆ. ಭಾನುವಾರ ಬರುವಾಗ ಎರಡನ್ನೂ ತನ್ನಿ. ಅಪ್ಪನ ಕೈಯ ಅಂಗಿಯನ್ನೇ ಹಾಕಿಕೊಂಡು ಬನ್ನಿ, ಬಾಗಿಲಲ್ಲಿ ಉಸಿರು ಬಿಗಿ ಹಿಡಿಯಬೇಡಿ. ಎಷ್ಟು ದಿನ ಎಂದು ಮಾತ್ರ ಕೇಳಬೇಡಿ. ಡಾಕ್ಟರು ಒಂದು ಮಾತು ಹೇಳಿದ್ದಾರೆ. ನಾನೂ ಅತ್ತೆಯೂ ಕೇಳಿಸಿಕೊಂಡಿದ್ದೇವೆ. ಮನೆಗೆ ಬಂದ ಮೇಲೆ ಇಬ್ಬರೂ ಅದನ್ನು ಎತ್ತಿಲ್ಲ.

ಬೆಳಗ್ಗೆ ಅಂಗಡಿ ತೆರೆದೆ. ಮೇಷ್ಟ್ರ ಅಂಗಿ ಕತ್ತರಿಸಿದೆ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ.

ಈಗ ಮಧ್ಯಾಹ್ನ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದ್ದಾರೆ. ಮಗು ಅವನ ಎದೆಯ ಮೇಲೆ ಕವುಚಿದೆ, ಅದರ ಒಂದು ಕಾಲು ಅವನ ಮುಷ್ಟಿಯಲ್ಲಿದೆ. ಇಬ್ಬರ ಬಾಯೂ ತೆರೆದಿದೆ. ಇಬ್ಬರೂ ಹಸಿವಾದರೆ ಏನೋ ಒಂದು ಸದ್ದು ಮಾಡುತ್ತಾರೆ, ನಾನು ಅರ್ಥ ಮಾಡಿಕೊಳ್ಳಬೇಕು. ಯಾರು ಮೊದಲು ಏಳುತ್ತಾರೋ ಗೊತ್ತಿಲ್ಲ. ನಾನು ಇಲ್ಲೇ, ಹಾಸಿಗೆಯ ಪಕ್ಕದಲ್ಲೇ ಕೂತಿದ್ದೇನೆ.

ನಿಮ್ಮ ಗುಂಡಿ